ಆಸ್ಪತ್ರೆಯ ಕ್ಷಕಿರಣ ವಿಭಾಗವೂ ಸುರಕ್ಷಾ ನಿಯಮಗಳೂ: ಒಂದು ವಿಮರ್ಶೆ

ರೋಂಟ್ಗನ್ನನು 1895ರಲ್ಲಿ ಕ್ಷಕಿರಣಗಳನ್ನು ಕಂಡುಹಿಡಿದ ಕೆಲವೇ ತಿಂಗಳುಗಳಲ್ಲಿ ವೈದ್ಯರು ಅವುಗಳನ್ನು ಬಳಸತೊಡಗಿದರು. ಅವು ಚರ್ಮವನ್ನು ಸುಡಬಲ್ಲವೆಂಬ ಸಂಗತಿಯೂ ಬಹುಬೇಗ ತಿಳಿದುಬಂದಿತು. ಆದರೂ ಅವುಗಳಿಂದ ರಕ್ಷಣೆ ಪಡೆಯುವ ಬಗೆಯನ್ನು ವಿಚಾರಿಸಲು ಅಂತರರಾಷ್ಟ್ರೀಯ ಸಮಿತಿಯೊಂದು ಸ್ಟಾಕ್‌ಹೋಮಿನಲ್ಲಿ ಏರ್ಪಟ್ಟದ್ದು 1928ರಲ್ಲಿ. ಉಪಯೋಗವು ಮುಂದೆ, ನಿಯಮವು ಹಿಂದೆ ಎಂಬ ಈ ಕ್ರಮ ನಮ್ಮ ದೇಶದಲ್ಲಿಯೂ ತಪ್ಪಲಿಲ್ಲ.

1962ರ ಪರಮಾಣುಶಕ್ತಿ ಅಧಿನಿಯಮ, 1983ರಲ್ಲಿ ಸ್ಥಾಪಿತವಾದ ಪರಮಾಣುಶಕ್ತಿ ನಿಯಂತ್ರಣ ಮಂಡಳಿ, 2004ರ ವಿಕಿರಣ ರಕ್ಷಣಾ ನಿಯಮಗಳು, ಕ್ಷಕಿರಣ ಯಂತ್ರಗಳನ್ನು ಕುರಿತು ಮಂಡಳಿಯು 2016ರಲ್ಲಿ ಪರಿಷ್ಕರಿಸಿದ ಸುರಕ್ಷಾ ಸಂಹಿತೆ: ಇವು ನಮ್ಮ ವ್ಯವಸ್ಥೆಯು ಬೆಳೆದುಬಂದ ಮುಖ್ಯ ಹಂತಗಳು. ಯಂತ್ರವಿರುವ ಕೊಠಡಿಯ ಗೋಡೆಗಳು ಕಿರಣವನ್ನು ತಡೆಯಬೇಕು. ಯಂತ್ರದ ಗುಣಪರೀಕ್ಷೆ ನಿಯತಕಾಲದಲ್ಲಿ ನಡೆಯಬೇಕು. ಸಿಬ್ಬಂದಿಯ ಎದೆಯ ಮೇಲೆ ವಿಕಿರಣವನ್ನು ಅಳೆಯುವ ಬಿಲ್ಲೆಯಿರಬೇಕು. ಉದ್ಯೋಗಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30, ಸಾರ್ವಜನಿಕರಿಗೆ ವರ್ಷಕ್ಕೆ 1 ಎಂಬ ಮಿತಿಗಳನ್ನು ಮಂಡಳಿಯು ಗೊತ್ತುಪಡಿಸಿತು. ಉದ್ಯೋಗಿಯ ವಿಷಯದಲ್ಲಿ ಅಂತರರಾಷ್ಟ್ರೀಯ ಆಯೋಗವು ಒಂದು ವರ್ಷಕ್ಕೆ 50ರವರೆಗೆ ಅವಕಾಶವಿತ್ತಿರುವುದನ್ನು ನೆನೆದರೆ, ನಮ್ಮ ಮಿತಿ ಹೆಚ್ಚು ಕಟ್ಟುನಿಟ್ಟಾದುದೆಂಬುದು ಸ್ಪಷ್ಟ. ಬರೆಹದ ಮಟ್ಟಿಗೆ ಈ ನಿಯಮಗಳಲ್ಲಿ ಕೊರತೆ ಹೆಚ್ಚಿಲ್ಲ.

ಬರೆಹವನ್ನು ಬಿಟ್ಟು ಆಚರಣೆಯ ಕಡೆ ತಿರುಗಿದರೆ ಚಿತ್ರವು ಬೇರೆಯಾಗುತ್ತದೆ. ಭಾರತದ ಮಹಾಲೇಖಪಾಲರ 2012ರ ವರದಿಯಂತೆ, ದೇಶದಲ್ಲಿ ನಡೆಯುತ್ತಿದ್ದ 57,443 ವೈದ್ಯಕೀಯ ಕ್ಷಕಿರಣ ಕೇಂದ್ರಗಳ ಪೈಕಿ 52,173, ಎಂದರೆ ನೂರಕ್ಕೆ 91ರಷ್ಟು, ಮಂಡಳಿಯಲ್ಲಿ ನೋಂದಣಿಯನ್ನೇ ಪಡೆದಿರಲಿಲ್ಲ. ಪ್ರತಿಯೊಂದು ರಾಜ್ಯದಲ್ಲಿಯೂ ವಿಕಿರಣ ಸುರಕ್ಷಾ ನಿರ್ದೇಶನಾಲಯವಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ನಿರ್ದೇಶಿಸಿದ್ದರೂ, ಆ ವರದಿಯ ವೇಳೆಗೆ ಅದನ್ನು ಸ್ಥಾಪಿಸಿದ್ದವು ಕೇರಳ, ಮಿಜೋರಾಂ ಎಂಬ ಎರಡೇ ರಾಜ್ಯಗಳು. ಕರ್ನಾಟಕವು ಅವುಗಳಲ್ಲಿ ಸೇರಿರಲಿಲ್ಲ. ಆಮೇಲೆ ಗಣಕಯಂತ್ರದ ಮೂಲಕ ಅನುಮತಿ ನೀಡುವ ಏರ್ಪಾಡು ಬಂದು ನೋಂದಣಿ ಬಹಳವಾಗಿ ಹೆಚ್ಚಿತೆಂಬುದನ್ನು ಒಪ್ಪಬೇಕು. ಆದರೆ ನೋಂದಣಿಯೇ ಪರಿಶೀಲನೆಯಲ್ಲ. ಅರ್ಜಿಯಲ್ಲಿ ಬರೆದುಕೊಟ್ಟ ಗೋಡೆಯ ದಪ್ಪವು ಕಟ್ಟಡದಲ್ಲಿಯೂ ಇದೆಯೇ ಎಂಬುದನ್ನು ಹೋಗಿ ನೋಡಿದವನೇ ಹೇಳಬಲ್ಲನು.

ಇದಕ್ಕಿಂತ ಗಹನವಾದ ಪ್ರಶ್ನೆ ಮತ್ತೊಂದುಂಟು. ಉದ್ಯೋಗಿಗೂ ಹೊರಗೆ ನಿಂತವನಿಗೂ ಅಂಕಿಗಳ ಮಿತಿಯಿದೆ; ಯಾರ ದೇಹದ ಮೇಲೆ ಕಿರಣವು ನೇರವಾಗಿ ಬೀಳುವುದೋ ಆ ರೋಗಿಗೆ ಅಂತಹ ಮಿತಿಯಿಲ್ಲ. ಇದು ಪ್ರಮಾದದಿಂದಾದುದಲ್ಲ, ತಿಳಿದು ಮಾಡಿದ್ದು. ರೋಗವನ್ನು ಅರಿಯಲು ಅವಶ್ಯವಾದ ಚಿತ್ರವನ್ನು ಅಂಕಿಯೊಂದು ತಡೆದರೆ ರೋಗಿಗೆ ಹಾನಿಯೇ ಹೊರತು ಹಿತವಿಲ್ಲ. ಆದುದರಿಂದ ಮಿತಿಯ ಸ್ಥಾನದಲ್ಲಿ ಎರಡು ತತ್ತ್ವಗಳನ್ನಿರಿಸಿದ್ದಾರೆ: ಪರೀಕ್ಷೆಗೆ ತಕ್ಕ ಕಾರಣವಿರಬೇಕು, ಅದಕ್ಕೆ ಸಾಲುವಷ್ಟೇ ಕಿರಣವನ್ನು ಬಳಸಬೇಕು. ಎದೆಯ ಸಾಮಾನ್ಯ ಚಿತ್ರವೊಂದಕ್ಕೆ 0.1 ಮಿಲಿಸೀವರ್ಟಿಗೂ ಕಡಮೆ ಸಾಕು, ಹೊಟ್ಟೆಯ ಸಿ.ಟಿ. ಪರೀಕ್ಷೆಗೆ ಅದರ ಹಲವು ಹತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟಿಗೂ ಮಿಕ್ಕು ಬೇಕಾಗುತ್ತದೆ. ಇಂತಹಲ್ಲಿ 'ತಕ್ಕ ಕಾರಣ'ವೆಂಬ ಮಾತಿನ ಭಾರವೆಷ್ಟೆಂಬುದನ್ನು ಓದುಗರೇ ಊಹಿಸಬಹುದು.

ತತ್ತ್ವವು ನಿರ್ದುಷ್ಟವಾದುದೇ. ಆದರೆ ಗೋಡೆಯನ್ನು ಅಳೆಯಬಹುದು, ಬಿಲ್ಲೆಯನ್ನು ಓದಬಹುದು. ವೈದ್ಯನ ವಿವೇಚನೆಯನ್ನು ಅಳೆಯುವುದು ಹೇಗೆ? ಅದನ್ನು ಅಳೆಯಲಾಗದಿದ್ದರೂ ದಾಖಲಿಸಬಹುದು. ಬ್ರಿಟನ್ನಿನ 2000ದ ನಿಯಮಗಳು, ಅವುಗಳ ಸ್ಥಾನದಲ್ಲಿ ಬಂದ 2017ರ ನಿಯಮಗಳು ಈ ದಾರಿಯನ್ನು ಹಿಡಿದಿವೆ. ರೋಗಿಯನ್ನು ಕಳುಹಿಸುವ ವೈದ್ಯನು ಸಾಕಷ್ಟು ವಿವರವನ್ನು ಕೊಡಬೇಕು, ಪ್ರತಿಯೊಂದು ಪರೀಕ್ಷೆಯನ್ನೂ ಹೊಣೆಗಾರನೊಬ್ಬನು ಸಮರ್ಥಿಸಬೇಕು ಎಂಬುದು ಅಲ್ಲಿ ಕಾನೂನಿನ ವಿಧಿ. ಒಂದೊಂದು ಬಗೆಯ ಪರೀಕ್ಷೆಗೂ ಇಷ್ಟು ಪ್ರಮಾಣವು ಸಹಜವೆಂಬ ತುಲನಾಮಟ್ಟಗಳನ್ನು ಅಂತರರಾಷ್ಟ್ರೀಯ ಆಯೋಗವು 1996ರಲ್ಲಿಯೇ ಸೂಚಿಸಿತ್ತು. ಇವು ಮಿತಿಗಳಲ್ಲ, ಎಚ್ಚರಿಕೆಯ ಗುರುತುಗಳು. ಒಂದು ಆಸ್ಪತ್ರೆಯ ಪ್ರಮಾಣವು ಅವನ್ನು ಮತ್ತೆ ಮತ್ತೆ ಮೀರಿದರೆ ಕಾರಣವನ್ನು ಹುಡುಕಬೇಕೆಂಬುದಷ್ಟೇ ತಾತ್ಪರ್ಯ.

ಕಾರ್ಯಭಾರದಿಂದ ಬಳಲುವ ವೈದ್ಯರಿಗೆ ಇದು ಮತ್ತೊಂದು ಬರವಣಿಗೆಯ ಹೊರೆಯೆಂದು ಆಕ್ಷೇಪಿಸಬಹುದು. ಆಕ್ಷೇಪವು ನಿರಾಧಾರವಲ್ಲ. ಆದರೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲಾಗದಿದ್ದರೆ ಆ ಪರೀಕ್ಷೆಯು ಅವಶ್ಯವಿತ್ತೇ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ನಮ್ಮ ನಿಯಮಗಳು ಯಂತ್ರವನ್ನೂ ಕೊಠಡಿಯನ್ನೂ ಚೆನ್ನಾಗಿ ಕಂಡಿವೆ. ಮೇಜಿನ ಮೇಲೆ ಮಲಗಿರುವ ರೋಗಿಯನ್ನು ಅಷ್ಟೇ ಸ್ಪಷ್ಟವಾಗಿ ಕಾಣುವುದು ಮುಂದಿನ ಪರಿಷ್ಕರಣದ ಕೆಲಸ.