ಹೆಣಿಗೆ ಸಡಿಲಿದರೆ ಆಕಾಶ ಹರಿಯುವುದೆ?

ವೈಶೇಷಿಕರು ನಿತ್ಯದ್ರವ್ಯಗಳೆಂದು ಎಣಿಸಿದ ದಿಕ್ಕು ಕಾಲಗಳನ್ನು ಮೂಲವಸ್ತುಗಳೆಂದೇ ನಂಬಿ ಬಂದ ಮನಸ್ಸಿಗೆ, ಅವು ಬೇರೊಂದರಿಂದ ಹುಟ್ಟಿದವಾಗಿರಬಹುದೆಂಬ ಮಾತು ಅಳುಕನ್ನೂ ಆಕರ್ಷಣೆಯನ್ನೂ ಒಟ್ಟಿಗೇ ತರುತ್ತದೆ. ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಮಾರ್ಕ್ ವ್ಯಾನ್ ರಾಮ್ಸ್‌ಡಾಂಕ್ 2010ರಲ್ಲಿ ಬರೆದು, ಗುರುತ್ವ ಸಂಶೋಧನ ಪ್ರತಿಷ್ಠಾನದ ಪ್ರಬಂಧಸ್ಪರ್ಧೆಯಲ್ಲಿ ಪ್ರಥಮ ಪಾರಿತೋಷಿಕ ಪಡೆದ ಕಿರುಲೇಖನ ಕೆಲವೇ ಪುಟಗಳಲ್ಲಿ ಆ ಮಾತನ್ನು ಆಡಿತು.

ಅದಕ್ಕೆ ಆಧಾರ ಎರಡು. ಗುರುತ್ವವುಳ್ಳ ಆಂಟಿ-ಡಿ ಸಿಟ್ಟರ್ ಒಳಜಗತ್ತೂ ಅದರ ಎಲ್ಲೆಯ ಮೇಲಣ ಗುರುತ್ವರಹಿತ ಕ್ವಾಂಟಮ್ ಸಿದ್ಧಾಂತವೂ ಒಂದೇ ತತ್ತ್ವದ ಎರಡು ವರ್ಣನೆಗಳೆಂಬ ಮಾಲ್ಡಸೇನಾ ಅವರ 1997ರ ಊಹೆ ಒಂದು. ಎಲ್ಲೆಯ ಒಂದು ಭಾಗಕ್ಕೂ ಉಳಿದುದಕ್ಕೂ ಇರುವ ಕ್ವಾಂಟಮ್ ಹೆಣಿಗೆಯ (ಎಂಟ್ಯಾಂಗಲ್‌ಮೆಂಟ್) ಎಂಟ್ರೊಪಿಯು, ಆ ಭಾಗದ ಅಂಚನ್ನು ಹಿಡಿದು ಒಳಕ್ಕೆ ಹರಡಿದ ಕನಿಷ್ಠತಲದ ವಿಸ್ತೀರ್ಣವನ್ನು ಅನುಸರಿಸುತ್ತದೆಂಬ ರ್ಯೂ ಮತ್ತು ತಕಾಯಾನಗಿ ಅವರ 2006ರ ಸೂತ್ರ ಇನ್ನೊಂದು.

ಲೇಖನದ ಜೀವಾಳವಿರುವುದು ಇವನ್ನು ಕೂಡಿಸಿ ಮಾಡಿದ ಒಂದು ಮನೋಪ್ರಯೋಗದಲ್ಲಿ. ಎಲ್ಲೆಯನ್ನು ಎರಡು ಅರ್ಧಗಳಾಗಿ ಭಾವಿಸಿ, ಅವುಗಳ ನಡುವಣ ಹೆಣಿಗೆಯನ್ನು ಮೆಲ್ಲಮೆಲ್ಲನೆ ಸಡಿಲಿಸುತ್ತ ಹೋದರೆ, ಒಳಗಿನ ವಿಭಾಜಕತಲವು ಕುಗ್ಗುತ್ತದೆ. ಎರಡು ಕಡೆಗಳ ಪರಸ್ಪರ ಸಂಬಂಧವೂ ಕ್ಷೀಣಿಸುತ್ತದೆ. ಅಂಥ ಸಂಬಂಧವು ದೂರ ಬೆಳೆದಂತೆ ಘಾತೀಯವಾಗಿ ಇಳಿಯುವಂಥದಾದ್ದರಿಂದ, ನಡುವಣ ದೂರ ಹೆಚ್ಚಿತೆಂದೇ ಅರ್ಥ. ನಾದಿದ ಹಿಟ್ಟಿನ ಉಂಡೆಯನ್ನು ಎರಡು ಕೈಗಳಿಂದ ಎಳೆದಾಗ ನಡು ಕೃಶವಾಗಿ, ನೀಳವಾಗಿ, ಕಡೆಗೆ ತುಂಡಾಗುವಂತೆ ಆಕಾಶವು ಇಬ್ಭಾಗವಾಗುತ್ತದೆ. ತರ್ಕವೂ ಚಿತ್ರವೂ ಇಷ್ಟು ಹದವಾಗಿ ಕೂಡಿ ನಡೆದುದನ್ನು ನಾನು ಭೌತವಿಜ್ಞಾನದ ಬರಹಗಳಲ್ಲಿ ಕಂಡುದು ವಿರಳ.

ಆದರೆ ಹೆಣಿಗೆಯಿಂದ ದೇಶಕಾಲವನ್ನು 'ಕಟ್ಟುವುದು' ಎಂಬ ಆ ಲೇಖನದ ಶೀರ್ಷಿಕೆಯ ಮಾತನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಹೆಣಿಗೆ ಹೋದರೆ ಜಗತ್ತು ಹರಿಯುತ್ತದೆಂಬುದು ಸಿದ್ಧವಾಯಿತು. ಹೆಣಿಗೆಯೊಂದಿದ್ದರೆ ಸಾಕೆಂಬುದು ಆಗಲಿಲ್ಲ. ನೂಲು ತೆಗೆದರೆ ವಸ್ತ್ರ ಉಳಿಯದು ನಿಜ. ನೇಕಾರನ ವಿನ್ಯಾಸ ನೂಲಿನಲ್ಲಿಯೇ ಅಡಗಿತ್ತೆಂದು ಅದರಿಂದ ಹೇಳಲು ಬರುವುದಿಲ್ಲ. ಎಂಟ್ರೊಪಿಯು ತನ್ನ ಪರಮಾವಧಿಯನ್ನು ಮುಟ್ಟಿ ನಿಂತ ಬಳಿಕವೂ ಕೃಷ್ಣವಿವರದ ಒಡಲು ಬೆಳೆಯುತ್ತಲೇ ಇರುತ್ತದೆಂಬುದನ್ನು ಎತ್ತಿ ತೋರಿ, ಹೆಣಿಗೆಯಷ್ಟೇ ಸಾಲದೆಂದು 2014ರಲ್ಲಿ ಸಸ್ಕಿಂಡ್ ವಾದಿಸಿದರು. ಹೆಣಿಗೆಯ ನಿಯಮದಿಂದಲೇ ಐನ್‌ಸ್ಟೈನರ ಸಮೀಕರಣಗಳ ರೇಖೀಯ ರೂಪವನ್ನು ಪಡೆದು ವ್ಯಾನ್ ರಾಮ್ಸ್‌ಡಾಂಕ್ ಮತ್ತು ಸಂಗಡಿಗರು ತಮ್ಮ ಋಣದ ಒಂದು ಪಾಲನ್ನು ಗೌರವಯುತವಾಗಿ ತೀರಿಸಿದ್ದಾರೆ. ಉಳಿದ ಪಾಲು ದೊಡ್ಡದು: ವಿಸ್ತರಣೆಯ ವೇಗ ಏರುತ್ತಿದೆಯೆಂದು 1998ರಲ್ಲಿ ಗೊತ್ತಾದ ನಮ್ಮ ವಿಶ್ವಕ್ಕೆ ಆಂಟಿ-ಡಿ ಸಿಟ್ಟರ್ ಜಗತ್ತಿಗಿರುವಂಥ ಎಲ್ಲೆಯಿಲ್ಲ, ಅಂಥ ಕಡೆ ಯಾವುದನ್ನು ಯಾವುದರೊಡನೆ ಹೆಣೆಯಬೇಕೆಂಬುದನ್ನು ಆ ಪುಟಗಳು ಮುಟ್ಟುವುದಿಲ್ಲ.