ಎರಡು ಬಿಂದು ಸಾಕೇ?

  ಹೊಳಲ್ಕೆರೆಯ ಓದುಗರೊಬ್ಬರು ಬರೆದಿದ್ದಾರೆ: ಮಗಳು ಬಲಗಡೆಯ ಬಿಂದುವನ್ನು ಮೊದಲು ತೆಗೆದುಕೊಂಡಳೆಂದು ಟ್ಯೂಷನ್ನಿನಲ್ಲಿ ಇಳಿಜಾರಿನ ಲೆಕ್ಕವನ್ನೇ ಹೊಡೆದುಹಾಕಿದರಂತೆ.

'ಎಡದ್ದೇ ಮೊದಲು' ಎನ್ನುವವರ ಜತೆ ನನ್ನ ಜಗಳ ಹಳೆಯದು. (2, 3) ಮತ್ತು (6, 11) ತೆಗೆದುಕೊಳ್ಳಿ. 11ರಲ್ಲಿ 3 ಕಳೆದರೆ 8, 6ರಲ್ಲಿ 2 ಕಳೆದರೆ 4, ಮೇಲಿನ 8ನ್ನು ಕೆಳಗಿನ 4ರಿಂದ ಭಾಗಿಸಿದರೆ ಇಳಿಜಾರು 2. ತಿರುಗಿಸಿ ಕಳೆಯಿರಿ: −8, −4, ಆಗಲೂ 2. ಮೇಲೆ ಯಾವ ಬಿಂದುವಿನಿಂದ ಹೊರಟಿರೋ ಕೆಳಗೂ ಅಲ್ಲಿಂದಲೇ ಹೊರಡಬೇಕು. ಇರುವುದು ಅದೊಂದೇ ಕಟ್ಟಳೆ. ಆ ಹುಡುಗಿಗೆ ಪೂರ್ತಿ ಅಂಕ ಸಿಗಬೇಕು.

ಹಾಗಾದರೆ ಹೋಗುವಾಗ ಏರಾದದ್ದು ಬರುವಾಗ ಇಳುಕಲಾಗುವುದೇಕೆ? ಬೀರೂರಿನಿಂದ ಹೊಸದುರ್ಗ ರೋಡ್ ದಾಟಿ ಚಿಕ್ಕಜಾಜೂರಿಗೆ ರೈಲಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿ. ಹಳಿಯ ಇಳಿಜಾರು ಬದಲಾಗುವಲ್ಲೆಲ್ಲ ಒಂದು ಕಂಬ, ಅದಕ್ಕೆ ಮೇಲಕ್ಕೋ ಕೆಳಕ್ಕೋ ವಾಲಿದ ಪಟ್ಟಿ, ಪಟ್ಟಿಯ ಮೇಲೊಂದು ಅಂಕಿ. 100 ಎಂದಿದ್ದರೆ ನೂರು ಮೀಟರಿಗೆ ಒಂದು ಮೀಟರ್, ಅಂದರೆ ಕಿಲೋಮೀಟರಿಗೆ ಹತ್ತು. 200 ಎಂದಿದ್ದರೆ ಐದೇ. ಅಂಕಿ ದೊಡ್ಡದಾದಷ್ಟೂ ಏರು ಸಣ್ಣದು, ಏಕೆಂದರೆ ಅದು ನಮ್ಮ ಸೂತ್ರದ ತಲೆಕೆಳಗು. ಸಮತಟ್ಟಿನಲ್ಲಿ ಇಳಿಜಾರು ಸೊನ್ನೆ. ಸೊನ್ನೆಯನ್ನು ತಲೆಕೆಳಗು ಮಾಡಿದರೆ ಬರೆಯಲು ಅಂಕಿಯೇ ಉಳಿಯುವುದಿಲ್ಲ. ಅದಕ್ಕೇ ಅಲ್ಲಿ 'ಎಲ್' ಅಕ್ಷರ. ಮರಳಿ ಬರುವ ಚಾಲಕ ದೂರವನ್ನು ತನ್ನ ಮುಂದಕ್ಕೆ ಎಣಿಸುತ್ತಾನೆ. ಅವನು ತಿರುಗಿಸಿದ್ದು ಅಕ್ಷದ ದಿಕ್ಕನ್ನು, ಬಿಂದುಗಳ ಸರದಿಯನ್ನಲ್ಲ. ಚಿಹ್ನೆ ಬದಲಾಗುವುದು ಅದರಿಂದ.

ಎರಡು ಕಂಬಗಳ ನಡುವಿನ ಹಳಿಯ ತುಂಡನ್ನು ಎಂಜಿನಿಯರು ಗೆರೆಯಾಗಿಯೇ ಹಾಸಿರುತ್ತಾನೆ, ಹಾಗಾಗಿ ಅಲ್ಲಿ ಎರಡು ಬಿಂದು ಸಾಕು. ಎಲ್ಲೆಡೆ ಹಾಗಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಬನ್ನಿ. 1907ರಲ್ಲಿ ಮುಗಿದ ಅಣೆಕಟ್ಟು, ಕೋಡಿ ಮಟ್ಟ 130 ಅಡಿ. 1934ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಈ ಎರಡು ಬಿಂದು ಹಿಡಿದು ಸೂತ್ರ ಹಾಕಿ: ಮೇಲೆ 130ರಲ್ಲಿ 130 ಕಳೆದು ಸೊನ್ನೆ, ಕೆಳಗೆ 88. ಇಳಿಜಾರು ಸೊನ್ನೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ನಡುವಿನ ಬರಗಳಲ್ಲಿ ವೇದಾವತಿ ನದಿ ಬತ್ತಿದ್ದು, ಕೆಳಗಿನ ತೋಟದವರು ಕಂಗಾಲಾದದ್ದು, ಒಂದೂ ಆ ಗೆರೆಯ ಮೇಲಿಲ್ಲ.

ಆದ್ದರಿಂದ ನಾನು ಯಾವಾಗಲೂ ಮೂರನೆಯ ಬಿಂದು ಕೇಳುತ್ತೇನೆ. ಮೊದಲಿನ ಲೆಕ್ಕದಲ್ಲಿ (4, 7) ಇಟ್ಟರೆ ಎರಡೂ ಕಡೆ 2, ಗೆರೆ ಗಟ್ಟಿ. ಸಾಗರದ ಲೆಕ್ಕದಲ್ಲಿ ಬರದ ಯಾವುದೇ ವರ್ಷ ಇಡಿ: 1934ಕ್ಕೆ ಜೋಡಿಸಿದರೆ ಋಣ, 2022ಕ್ಕೆ ಜೋಡಿಸಿದರೆ ಧನ. ಅಲ್ಲಿ ಗೆರೆ ಎಳೆಯಲು ಬಾರದು. ಒಂದೊಂದು ವರ್ಷದ ಮಟ್ಟವನ್ನೂ ಬಿಡಿಯಾಗಿ ಗುರುತಿಸಬೇಕು.