ಮಲ್ಲರಂಗವೂ ಅರಸುತನವೂ

‘ರಾಜ’ ಎಂಬ ಶಬ್ದಕ್ಕೆ ಎರಡು ವ್ಯುತ್ಪತ್ತಿಗಳು ಪ್ರಸಿದ್ಧವಾಗಿವೆ. ವೈಯಾಕರಣರು ಅದನ್ನು ಹೊಳೆಯುವುದೆಂಬ ಅರ್ಥವುಳ್ಳ ‘ರಾಜ್’ ಧಾತುವಿನಿಂದ ಸಾಧಿಸುವರು. ಕವಿಗಳೂ ಪುರಾಣಕಾರರೂ ಸಂತೋಷಪಡಿಸುವುದೆಂಬ ಅರ್ಥವುಳ್ಳ ‘ರಂಜ್’ ಧಾತುವಿಗೆ ಅದನ್ನು ಹೊಂದಿಸುವರು. ಮೊದಲನೆಯ ಅರ್ಥದಂತೆ ಅರಸನು ಎತ್ತರದಲ್ಲಿ ಕುಳಿತು ಬೆಳಗತಕ್ಕವನು. ಎರಡನೆಯದರಂತೆ ಪ್ರಜೆಗಳ ನಡುವೆ ಬಂದು ಅವರ ಮನಸ್ಸನ್ನು ಗೆಲ್ಲತಕ್ಕವನು. ಈ ಎರಡು ಅರ್ಥಗಳೂ ಎದುರುಬದುರಾಗಿ ನಿಲ್ಲುವ ಸ್ಥಳವೊಂದುಂಟು. ಅದೇ ಮಲ್ಲರಂಗ. ದುಡಿದು ಉಣ್ಣುವ ಜನರು ಮೈಗೆ ಮಣ್ಣು ಮೆತ್ತಿಕೊಂಡು ಆಡುವ ಆಟವನ್ನು ಅರಸನು ಪ್ರೀತಿಸುವುದು ತಕ್ಕುದೆ? ಪ್ರೀತಿಸಿದಲ್ಲಿ ಉಪ್ಪರಿಗೆಯಿಂದ ನೋಡಿ ತೃಪ್ತನಾಗಬೇಕೆ, ಮಟ್ಟಿಗೆ ಇಳಿಯಬೇಕೆ? ಇಳಿದರೆ ಜನರು ಏನೆಂದಾರು? ಈ ಪ್ರಶ್ನೆಗಳಿಗೆ ಕಾವ್ಯ, ಶಾಸ್ತ್ರ, ಐತಿಹ್ಯಗಳು ಕೊಟ್ಟಿರುವ ಉತ್ತರಗಳು ಒಂದೇ ಬಗೆಯವಲ್ಲ. ಅವುಗಳನ್ನು ಒಟ್ಟಿಗಿಟ್ಟು ಪರಾಮರ್ಶಿಸಿದರೆ ಜನಾಭಿಪ್ರಾಯದ ಹಿಂದಿರುವ ಒಂದು ಅಳತೆಗೋಲು ಕೈಗೆ ಸಿಕ್ಕುವುದು.

ಕಪಿಲೆ ಕಾವೇರಿಗಳು ಕೂಡುವ ತಿರುಮಕೂಡಲು ನರಸೀಪುರದ ಸೀಮೆಯಲ್ಲಾಗಲಿ, ಕಪಿಲೆಯ ದಡದ ನಂಜನಗೂಡಿನಲ್ಲಾಗಲಿ ವಾಸಿಸುವ ವಾಚಕರಿಗೆ ಗರಡಿಯ ವರ್ಣನೆ ಬೇಕಾಗಿಲ್ಲ. ಹದಮಾಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ, ಇಷ್ಟೇ ಅದರ ಸಂಪತ್ತು. ಹೊಲ ಉತ್ತು ಬಂದವರು, ಗಾಡಿ ಹೊಡೆದು ಬಂದವರು, ಮೂಟೆ ಹೊತ್ತು ಬಂದವರು ಅಲ್ಲಿ ಬಸ್ಕಿ ತೆಗೆದು ಪೈಲ್ವಾನರಾಗುವರು. ಆ ಲೋಕದ ಮುಖ್ಯ ಧರ್ಮ ‘ಜೋಡಿ ಕಟ್ಟುವುದು’. ವಯಸ್ಸು, ಮೈಕಟ್ಟು, ಅನುಭವಗಳನ್ನು ನೋಡಿ ಸರಿಸಮಾನರನ್ನು ಎದುರುಬದುರಾಗಿ ನಿಲ್ಲಿಸಿದ ಹೊರತು ಕುಸ್ತಿ ಕುಸ್ತಿಯೆನಿಸದು. ಮೈಸೂರಿನ ದಸರಾ ಕುಸ್ತಿಗೂ ಜೋಡಿ ಕಟ್ಟಿದ ಮೇಲೆಯೇ ಅಖಾಡ ತೆರೆಯುವುದು. ಈ ಒಂದು ನಿಯಮವನ್ನು ದೀಪದಂತೆ ಹಿಡಿದು ಹೊರಟರೆ ಗ್ರಂಥಗಳಲ್ಲಿರುವ ಅಭಿಪ್ರಾಯಭೇದಗಳು ತಾವಾಗಿ ಸ್ಪಷ್ಟವಾಗುವುವು.

ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಕಂಸನು ಮಲ್ಲಯುದ್ಧದ ಉತ್ಸವವನ್ನೇರ್ಪಡಿಸಿ ಎತ್ತರದ ಮಂಚದ ಮೇಲೆ ಕುಳಿತಿದ್ದಾನೆ. ಕೆಳಗೆ ಚಾಣೂರ ಮುಷ್ಟಿಕರು. ಅವರೆದುರಿಗೆ ಗೊಲ್ಲರ ಹುಡುಗರೆಂದು ಕರೆತಂದಿರುವ ಬಲರಾಮ ಕೃಷ್ಣರು. ದನಗಾಹಿಗಳು ಕಾಡಿನಲ್ಲಿ ಕುಸ್ತಿಯಾಡುತ್ತಲೇ ದನ ಮೇಯಿಸುವರೆಂಬುದನ್ನು ಚಾಣೂರನೇ ಹೇಳುತ್ತಾನೆ. ಮಲ್ಲವಿದ್ಯೆಯು ಯಾರ ಆಟವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯವನ್ನು ಹುಡುಕಬೇಕಾಗಿಲ್ಲ. ತಾವು ಬಾಲಕರು, ತಮಗೆ ಸಮಬಲರಾದವರೊಡನೆ ಆಡುವೆವು, ಸಭೆಗೆ ಅಧರ್ಮ ತಟ್ಟದಿರಲಿ ಎಂದು ಕೃಷ್ಣನು ಉತ್ತರ ಕೊಡುತ್ತಾನೆ. ಕಾಳಗವು ಮೊದಲಾಗುತ್ತಲೇ ಮಧುರೆಯ ಸ್ತ್ರೀಯರು ಒಬ್ಬರಿಗೊಬ್ಬರು ಮಾತಾಡಿಕೊಳ್ಳುವರು: ಬೆಟ್ಟದಂಥ ಮಲ್ಲರಿಗೆ ಎಳೆಯ ಹುಡುಗರನ್ನು ಒಡ್ಡುವುದು ಅನ್ಯಾಯ, ಅದನ್ನು ನೋಡುತ್ತ ಕುಳಿತ ರಾಜಸಭೆಗೆ ಪಾಪ, ಇಂಥ ಸ್ಥಳದಲ್ಲಿ ನಿಲ್ಲಬಾರದು. ಇಲ್ಲಿ ವಿಮರ್ಶಕನು ಗಮನಿಸತಕ್ಕ ವಿಷಯವಾವುದೆಂದರೆ, ಕುಸ್ತಿಯೆಂಬುದು ಕೀಳಾಟ, ಅರಸನಿಗೆ ಅದು ತಗದು ಎಂದು ಆ ಸ್ತ್ರೀಯರಲ್ಲಿ ಒಬ್ಬಳೂ ಹೇಳಲಿಲ್ಲ. ಅವರ ದೂಷಣೆ ಬಿದ್ದುದು ಆಟದ ಮೇಲಲ್ಲ. ಜೋಡಿ ತಪ್ಪಿಸಿ ಆಡಿಸಿದವನ ಮೇಲೆ, ಅದನ್ನು ಕಂಡೂ ಸುಮ್ಮನಿದ್ದವರ ಮೇಲೆ.

ಮುಂದೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ ಸಿಂಹಾಸನದ ಮೇಲಿದ್ದ ಅರಸನೇ ಬರೆದ ಶಾಸ್ತ್ರ ದೊರೆಯುತ್ತದೆ. ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವು 1129ರ ಸುಮಾರಿನ ಸಂಸ್ಕೃತ ಗ್ರಂಥ. ಅದರಲ್ಲಿ ಅರಸನ ವಿನೋದಗಳ ನಡುವೆ ಮಲ್ಲವಿನೋದವೂ ಒಂದು. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ತರತಮದಿಂದ ವಿಂಗಡಿಸಿ, ಅವರ ಆಹಾರ ವ್ಯಾಯಾಮಗಳನ್ನೂ ಪಟ್ಟುಗಳನ್ನೂ ಅರಸನು ಬಲ್ಲವನಂತೆ ವಿವರಿಸಿದ್ದಾನೆ. ‘ಗೋವಲ’ ಎಂಬ ಹೆಸರು ಕನ್ನಡದ ‘ಗೋವಳ’ನನ್ನು, ಎಂದರೆ ದನ ಕಾಯುವವನನ್ನು, ನೆನಪಿಗೆ ತರುವುದು ಸ್ವಾರಸ್ಯಕರ. ಆಟದ ಮರ್ಮವನ್ನು ಇಷ್ಟು ಶ್ರದ್ಧೆಯಿಂದ ಅರಿತ ಅರಸನನ್ನು ಕೇವಲ ವಿಲಾಸಿಯೆಂದು ತಳ್ಳಿಹಾಕಲಾಗದು. ಆದರೂ ಗ್ರಂಥದ ದೃಷ್ಟಿ ಒಂದೇ ದಿಕ್ಕಿನದು. ಮಲ್ಲನು ಏನನ್ನು ತಿನ್ನಬೇಕೆಂಬುದು ಅಲ್ಲಿ ಉಂಟು. ಮಲ್ಲನಿಗೆ ಏನನ್ನಿಸಿತೆಂಬುದು ಇಲ್ಲ. ಅರಸನ ಮನಸ್ಸಿನ ಉಲ್ಲಾಸವೇ ಅದರ ಹೆಸರೂ ಆಗಿದೆ, ಅದರ ಎಲ್ಲೆಯೂ ಆಗಿದೆ.

ಆ ಎಲ್ಲೆಯ ಆಚೆ ಏನಿದೆಯೆಂಬುದನ್ನು ವ್ಯಾಸರು ವಿರಾಟಪರ್ವದಲ್ಲಿ ತೋರಿಸಿಕೊಟ್ಟಿದ್ದಾರೆ. ಅಡಿಗೆಯವನ ವೇಷದ ಭೀಮನು ಮತ್ಸ್ಯನಗರದ ಉತ್ಸವದಲ್ಲಿ ಜೀಮೂತನೆಂಬ ಮಲ್ಲನನ್ನು ಕೆಡಹುತ್ತಾನೆ. ವಿರಾಟನು ಹರ್ಷಿಸಿ ಬಹುಮಾನ ಕೊಡುತ್ತಾನೆ. ಅಷ್ಟಕ್ಕೇ ನಿಲ್ಲದೆ, ಅವನನ್ನು ಅಂತಃಪುರದಲ್ಲಿ ಸಿಂಹ ಶಾರ್ದೂಲಗಳೊಡನೆ ಹೋರಾಡಿಸಿ ನೋಡುವ ಚಪಲವೂ ಆ ಅರಮನೆಗೆ ಹತ್ತುತ್ತದೆ. ರಾಣಿಯ ಪರಿವಾರಕ್ಕೆ ಅದು ನಗೆ. ಮರೆಯಲ್ಲಿ ನಿಂತ ದ್ರೌಪದಿಗೆ ಎದೆಯೊಡೆಯುವ ದುಃಖ. ಆ ದುಃಖವನ್ನು ಅವಳು ಮುಂದೆ ರಾತ್ರಿ ಭೀಮನ ಮುಂದೆಯೇ ತೋಡಿಕೊಳ್ಳುತ್ತಾಳೆ. ಅರಸರು ನೋಡಿ ಸಂತೋಷಪಡುವ ಪ್ರತಿಯೊಂದು ಕಾಳಗದಲ್ಲಿಯೂ ಮಲ್ಲನ ಮನೆಯವಳೊಬ್ಬಳು ಎಲ್ಲಿಯೋ ಮರೆಯಲ್ಲಿ ನಿಂತಿರುತ್ತಾಳೆ. ಅವಳ ಅಭಿಪ್ರಾಯವೂ ಜನಾಭಿಪ್ರಾಯವೇ.

ಹಾಗಾದರೆ ಅರಸನೇ ಕಣಕ್ಕಿಳಿಯುವುದು ಪರಿಹಾರವಾದೀತೆ? ಆದಿಪರ್ವದ ಅಸ್ತ್ರಪರೀಕ್ಷೆಯಲ್ಲಿ ಈ ಪ್ರಶ್ನೆ ತಾನಾಗಿ ಎದ್ದಿದೆ. ಕರ್ಣನು ಅರ್ಜುನನನ್ನು ಕರೆದಾಗ ಕೃಪಾಚಾರ್ಯರು ಅವನ ತಾಯಿತಂದೆ ಕುಲಗಳನ್ನು ಕೇಳುವರು. ರಾಜಪುತ್ರರು ಕೀಳು ಹುಟ್ಟಿನವರೊಡನೆ ಸೆಣಸರೆಂಬುದು ಅವರ ವಾದ. ಕರ್ಣನ ಮುಖ ಬಾಗುತ್ತದೆ. ದುರ್ಯೋಧನನು ಆ ಕ್ಷಣವೇ ಅವನಿಗೆ ಅಂಗರಾಜ್ಯವನ್ನು ಕೊಟ್ಟು ಜೋಡಿಯನ್ನು ಸರಿಮಾಡುತ್ತಾನೆ. ಪಂಪನ ‘ವಿಕ್ರಮಾರ್ಜುನವಿಜಯ’ದಲ್ಲಿ ಆತನು ಶೌರ್ಯಕ್ಕಿಂತ ಬೇರೆ ಕುಲವಿಲ್ಲವೆಂಬ ಅರ್ಥದ ಮಾತನ್ನೂ ಆಡುತ್ತಾನೆ. ಮಾತು ದೊಡ್ಡದು, ಆದರೆ ಕ್ರಿಯೆ ಆ ಮಾತಿನಷ್ಟು ದೊಡ್ಡದಲ್ಲ. ಶೌರ್ಯವೇ ಕುಲವಾಗಿದ್ದಲ್ಲಿ ಪಟ್ಟಾಭಿಷೇಕದ ಅವಶ್ಯಕತೆಯೇನಿತ್ತು? ಅಸಮಾನತೆಯನ್ನು ನೀಗಲು ದುರ್ಯೋಧನನು ಕಂಡ ಮಾರ್ಗ ಕೆಳಗಿನವನನ್ನು ಅರಸನನ್ನಾಗಿ ಮಾಡುವುದು. ಇದಕ್ಕೆ ವಿಪರೀತವಾದ ಮತ್ತೊಂದು ಮಾರ್ಗವುಂಟು: ಅರಸನು ತನ್ನ ಅರಸುತನವನ್ನು ಬಾಗಿಲಲ್ಲಿ ಬಿಟ್ಟು ಬರುವುದು.

ಮೈಸೂರು ಸೀಮೆಯ ಜನರು ಮೆಚ್ಚಿಕೊಂಡುದು ಈ ಎರಡನೆಯ ಮಾರ್ಗವನ್ನು. ಶ್ರೀರಂಗಪಟ್ಟಣದಲ್ಲಿ 1638ರಿಂದ 1659ರ ವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ವಿಷಯದಲ್ಲಿ ಎರಡು ಚಿತ್ರಗಳು ಉಳಿದು ಬಂದಿವೆ. ಒಂದು ಗೋವಿಂದ ವೈದ್ಯನ ‘ಕಂಠೀರವ ನರಸರಾಜ ವಿಜಯ’ದ್ದು. 1648ರ ಈ ಸಾಂಗತ್ಯಕಾವ್ಯದಲ್ಲಿ ಮಹಾನವಮಿಯ ಒಡ್ಡೋಲಗ ವೈಭವದಿಂದ ಮೂಡಿದೆ. ಅರಸನು ಸಿಂಹಾಸನದಲ್ಲಿ, ಜಟ್ಟಿಗಳು ಅವನ ಕಣ್ಣ ಕೆಳಗೆ. ಇನ್ನೊಂದು ಐತಿಹ್ಯದ್ದು. ತಿರುಚಿನಾಪಳ್ಳಿಯಲ್ಲಿ ಹೆಸರಾಂತ ಜಟ್ಟಿಯೊಬ್ಬನು ಎದುರಾಳಿಗಳನ್ನು ಕರೆಯುತ್ತಿದ್ದನೆಂದೂ, ಒಡೆಯರು ಮಾರುವೇಷದಿಂದ ಅಲ್ಲಿಗೆ ಹೋಗಿ ಅವನನ್ನು ಕೊಂದು, ತಾವಾರೆಂದು ಹೇಳದೆ ಹಿಂತಿರುಗಿದರೆಂದೂ ಆ ಕಥೆ. ಆಸ್ಥಾನಕವಿಯ ಪದ್ಯಗಳನ್ನು ವಿದ್ವಾಂಸರು ಬಲ್ಲರು; ತಿರುಚಿನಾಪಳ್ಳಿಯ ಕಥೆಯನ್ನು ಓದುಬಾರದವರೂ ಬಲ್ಲರು. ‘ರಣಧೀರ’ ಎಂಬ ವಿಶೇಷಣದೊಡನೆ 1960ರಲ್ಲಿ ರಾಜ್‌ಕುಮಾರರು ಅದೇ ಹೆಸರಿನ ಚಲನಚಿತ್ರದಲ್ಲಿ ಆ ಪಾತ್ರ ವಹಿಸಿದ ಮೇಲಂತೂ ಅದು ಮನೆಮಾತಾಯಿತು. ಕವಿಯು ‘ರಾಜ್’ ಧಾತುವಿನ ಅರಸನನ್ನು ಹಾಡಿದನು. ಜನರು ‘ರಂಜ್’ ಧಾತುವಿನ ಅರಸನನ್ನು ಉಳಿಸಿಕೊಂಡರು.

ಈ ಕಥೆಯ ಜೀವಾಳವು ಗೆಲವಿನಲ್ಲಿಲ್ಲ, ಮಾರುವೇಷದಲ್ಲಿದೆ. ಅರಸನೆಂದು ತಿಳಿದಿದ್ದರೆ ಜಟ್ಟಿಯ ಕೈ ತಡೆಯುತ್ತಿತ್ತು; ಗೆಲವು ಕಾಣಿಕೆಯಾಗುತ್ತಿತ್ತು. ಸೋಲುವ ಅಪಾಯವನ್ನು ಹೊತ್ತವನಿಗೆ ಮಾತ್ರ ಗೆಲ್ಲುವ ಹಕ್ಕುಂಟೆಂಬುದನ್ನು ಐತಿಹ್ಯವು ಶಾಸ್ತ್ರಕ್ಕಿಂತ ಚೆನ್ನಾಗಿ ಗ್ರಹಿಸಿದೆ. ಆದರೆ ಆ ಐತಿಹ್ಯವೂ ದೋಷರಹಿತವಲ್ಲ. ಸತ್ತ ಜಟ್ಟಿ ಅದರಲ್ಲಿ ಬರಿಯ ‘ಜಟ್ಟಿ’ಯಾಗಿ ಉಳಿದಿದ್ದಾನೆ. ತೋಳ್ಬಲವೇ ಅವನ ಜೀವನೋಪಾಯ. ಮಾರುವೇಷವನ್ನು ಕಳಚಿದ ಅರಸನಿಗೆ ಹಿಂತಿರುಗಲು ಅರಮನೆಯಿದ್ದಿತು. ಲಂಗೋಟಿಯನ್ನು ಕಳಚಿದ ಪೈಲ್ವಾನನಿಗೆ ಉಳಲು ಹೊಲ ಇರುವುದೆಂಬ ನೆಚ್ಚಿಕೆಯಿಲ್ಲ. ಕಥೆಯನ್ನು ಕೇಳಿ ಹಿಗ್ಗುವವರು ಈ ಅಂತರವನ್ನು ಮರೆತರೆ ಅವರ ಹಿಗ್ಗು ವಿರಾಟನ ಅಂತಃಪುರದ ನಗೆಗೆ ಸಮೀಪವಾಗುತ್ತದೆ.

ಸೋಲಲಾರದ ಅರಸನು ಕಣಕ್ಕಿಳಿದರೆ ಏನಾಗುವುದೆಂಬುದಕ್ಕೆ ರೋಮ್ ದೇಶದ ಚರಿತ್ರೆಯಲ್ಲಿ ಪ್ರಸಿದ್ಧವಾದ ನಿದರ್ಶನವುಂಟು. ಅಲ್ಲಿಯ ಚಕ್ರವರ್ತಿ ಕೊಮೋಡಸನು ಗುಲಾಮರೂ ಬಡವರೂ ಹೊಟ್ಟೆಪಾಡಿಗಾಗಿ ಹೋರಾಡುತ್ತಿದ್ದ ಖಡ್ಗರಂಗಕ್ಕೆ ತಾನೇ ಇಳಿದನು. ಆದರೆ ಅವನು ಕಿರೀಟವನ್ನು ಬಿಟ್ಟುಬರಲಿಲ್ಲ. ಎದುರಾಳಿಗಳು ಅವನಿಗೆ ಸೋಲಲೇಬೇಕಾಗಿತ್ತು. ಸಭಿಕನಾಗಿದ್ದ ಚರಿತ್ರಕಾರ ಡಿಯೊ, ನಗು ತಡೆಯಲಾರದೆ, ನಕ್ಕರೆ ತಲೆ ಉಳಿಯದೆಂದು ತನ್ನ ತಲೆಯ ಹೂಮಾಲೆಯ ಎಲೆಗಳನ್ನೇ ಅಗಿದೆನೆಂದು ಬರೆದಿಟ್ಟಿದ್ದಾನೆ. 192ನೆಯ ಇಸವಿಯ ಕೊನೆಯ ದಿನ ಆ ಚಕ್ರವರ್ತಿಯನ್ನು ಕತ್ತು ಹಿಸುಕಿ ಕೊಂದವನು ನಾರ್ಸಿಸಸ್ ಎಂಬ ಮಲ್ಲ. ಆ ಒಂದು ಹಿಡಿತದಲ್ಲಿ ಮಾತ್ರ ಯಾರೂ ಅವನಿಗೆ ರಿಯಾಯತಿ ತೋರಿಸಲಿಲ್ಲ.

ನೋಡುವ ಅರಸನಿಗೂ ಹೊಣೆಯಿಲ್ಲದಿಲ್ಲ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಿದವರು ಇದನ್ನು ಬಲ್ಲರು. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳಿಂದ ಬರುವ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ಸೆಣಸುವರು. ಮೊದಲ ರಕ್ತ ಕಾಣುತ್ತಲೇ ಕಾಳಗ ನಿಲ್ಲುವುದು. ಆ ಮೇಲೆಯೇ ರಾಜವಂಶದ ವಿಜಯಯಾತ್ರೆ. ಮೊದಲ ರಕ್ತಕ್ಕೆ ನಿಲ್ಲಿಸುವುದರಲ್ಲಿ ವಿವೇಕವಿದೆ. ಆದರೆ ವಿಜಯ ಒಬ್ಬರದು, ರಕ್ತ ಇನ್ನೊಬ್ಬರದು ಎಂಬ ಸತ್ಯವನ್ನು ಆ ಆಚಾರವು ಮುಚ್ಚಿಡದೆ ತೊಟ್ಟಿಯ ನಡುವೆ ತಂದಿಟ್ಟಿದೆ. ಇಂಗ್ಲೆಂಡಿನಲ್ಲಿ ಮೂರನೆಯ ಎಡ್ವರ್ಡನು 1363ರಲ್ಲಿ ಬಿಲ್ವಿದ್ಯೆಯ ಸಲುವಾಗಿ ಸಾಮಾನ್ಯರ ಚೆಂಡಾಟವನ್ನು ನಿಷೇಧಿಸಿದನು. 1914ರಲ್ಲಿ ಐದನೆಯ ಜಾರ್ಜನು ಅದೇ ಚೆಂಡಾಟದ ಅಂತಿಮ ಪಂದ್ಯಕ್ಕೆ ಬಂದು ಗೆದ್ದವರಿಗೆ ತಾನೇ ಬಟ್ಟಲನ್ನಿತ್ತನು. ಆಟ ಬದಲಾಗಲಿಲ್ಲ, ಆಟದವರ ಒಲವು ಅರಸರಿಗೆ ಬೇಕಾಗುವ ಕಾಲ ಬಂದಿತ್ತು.

ಇವರೆಲ್ಲರ ನಡುವೆ ಕೊಲ್ಹಾಪುರದ ಶಾಹು ಮಹಾರಾಜರ ನಡತೆ ಬೇರೆಯಾಗಿ ನಿಲ್ಲುತ್ತದೆ. ಸ್ವತಃ ಕುಸ್ತಿಯಲ್ಲಿ ಪಳಗಿದ್ದ ಅವರು ಮಲ್ಲರಿಗೆ ಆಶ್ರಯವಿತ್ತು, 1912ರಲ್ಲಿ ಸಿದ್ಧವಾದ ಖಾಸಬಾಗ್ ಕುಸ್ತಿ ಮೈದಾನವನ್ನು ಕಟ್ಟಿಸಿದರು. ಇಷ್ಟೇ ಆಗಿದ್ದರೆ ಅವರು ಸೋಮೇಶ್ವರನ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ಆದರೆ ಮೈದಾನಕ್ಕಿಂತ ಮುಂಚೆಯೇ, 1902ರಲ್ಲಿ, ಸಂಸ್ಥಾನದ ಉದ್ಯೋಗಗಳಲ್ಲಿ ನೂರಕ್ಕೆ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿಡುವಂತೆ ಆಜ್ಞೆ ಮಾಡಿದ್ದರು. ಮಟ್ಟಿಯಲ್ಲಿ ಕಟ್ಟಬೇಕಾದ ಜೋಡಿಯನ್ನು ಅವರು ಕಚೇರಿಯಲ್ಲಿಯೂ ಕಟ್ಟಲೆತ್ನಿಸಿದರು. ಅದಕ್ಕೆ ಅಂದು ಮೇಲಿನವರಿಂದ ವಿರೋಧವೂ ಬಂದಿತು; ಆದರೆ ದುಡಿಯುವ ಜನರು ಅವರನ್ನು ಇಂದಿಗೂ ಮರೆತಿಲ್ಲ.

ಆದಕಾರಣ ಜನಾಭಿಪ್ರಾಯದ ಅಳತೆಗೋಲು ಹೀಗೆಂದು ನಿರ್ಣಯಿಸಬಹುದು. ಅರಸನು ಬಡವರ ಆಟವನ್ನು ಮೆಚ್ಚಿದ್ದಕ್ಕೆ ಜನರು ಅವನನ್ನು ಹಳಿದುದಿಲ್ಲ. ಮೆಚ್ಚಿದ ಮಾತ್ರಕ್ಕೆ ಹೊಗಳಿದುದೂ ಇಲ್ಲ. ಜೋಡಿ ಸರಿಯಿದೆಯೆ, ಸೋಲು ಸಾಧ್ಯವೆ, ಆಟ ಮುಗಿದ ಮೇಲೆ ಆಡಿದವನ ಗತಿಯೇನು ಎಂಬ ಮೂರು ಪ್ರಶ್ನೆಗಳನ್ನೇ ಅವರು ಕೇಳಿದರು. ಇಂದು ಆಳುವ ಅರಸರಿಲ್ಲ. 1971ರಲ್ಲಿ ರಾಜಧನವೂ ನಿಂತಿತು. ದಸರಾ ಕುಸ್ತಿಯ ವೇದಿಕೆಯಲ್ಲಿ ಈಗ ಮಂತ್ರಿಗಳೂ ಅಧಿಕಾರಿಗಳೂ ಕುಳಿತಿರುವರು. ಗೆದ್ದವನ ಕೈಯನ್ನೆತ್ತಿ ಹಿಡಿಯುವವರು ಅವರೇ. ಆಸನ ಬದಲಾಯಿತೆಂದು ಅಳತೆಗೋಲು ಬದಲಾಗಬೇಕಾದುದಿಲ್ಲ. ಎತ್ತಿದ ಕೈಯನ್ನು ಬಿಟ್ಟ ಮೇಲೆ, ಆ ಪೈಲ್ವಾನನು ಮಣ್ಣು ತೊಳೆದುಕೊಂಡು ಯಾವ ಮನೆಗೆ, ಯಾವ ಕೂಲಿಗೆ ಹಿಂತಿರುಗುವನೆಂಬುದನ್ನು ವೇದಿಕೆಯವರು ವಿಚಾರಿಸಿದ ದಿನವೇ ‘ರಂಜ್’ ಧಾತುವಿನ ಅರ್ಥ ಪೂರ್ತಿಯಾಗುವುದು.